ಇ-ಕ್ಯಾಡ್ಹೆರಿನ್ ಹುಡ್ಕೋಕೆ ಯಾವ ಆಂಟಿಬಾಡಿ ತಗೊಳ್ಳೋದು: ಜಗುಲಿಯದ್ದಾ, ನಡುಮನೆಯದ್ದಾ?

ಮೊನ್ನೆ ಜೂನಿಯರ್ ಹುಡುಗಿ ಒಬ್ಳು ಮೂರು ಕೊಟೇಶನ್ನಿನ ಫೋಟೋ ಕಳ್ಸಿ "ಅಕ್ಕಾ, ಮೂರ್ರಲ್ಲೂ ಆಂಟಿ ಇ-ಕ್ಯಾಡ್ಹೆರಿನ್ ಮೊನೋಕ್ಲೋನಲ್ ಅಂತಾನೇ ಬರ್ದಿದ್ದಾರೆ, ಹಂಗಾದ್ರೆ ಕಮ್ಮಿ ರೇಟಿಂದೇ ಹೇಳ್ಬಿಡ್ಲಾ?" ಅಂತ ಕೇಳಿದ್ಲು. ನಾನೂ ಆರು ವರ್ಷದ ಹಿಂದೆ ಇದೇ ಲೆಕ್ಕ ಹಾಕಿ ಒಂದು ವಯಲ್ ತರ್ಸಿ, ಮೂರು ತಿಂಗ್ಳು ಅದ್ರ ಜೊತೆ ಗುದ್ದಾಡಿ, ಕೊನೆಗೆ ತಪ್ಪು ಆಂಟಿಬಾಡಿದಲ್ಲ ನಂದೇ ಅಂತ ಗೊತ್ತಾದೋಳು. ಫೋನಲ್ಲಿ ಹೇಳಿದ್ರೆ ಅರ್ಧ ಮರ್ತೋಗ್ತದೆ, ಅದಕ್ಕೇ ಇಲ್ಲಿ ಬರೀತಿದ್ದೀನಿ, ಶಿವಮೊಗ್ಗ ಕಡೆ ಸಣ್ಣ ಲ್ಯಾಬಲ್ಲಿ ವರ್ಷಕ್ಕೆ ಒಂದೇ ವಯಲ್ ತಗೊಳ್ಳೋವಷ್ಟು ದುಡ್ಡಿರೋ ಬೇರೆಯೋರಿಗೂ ಉಪಯೋಗಕ್ಕೆ ಬರಬಹುದು.

ಆಂಟಿಬಾಡಿ ಅಂದ್ರೆ ನಾವು ಹುಡುಕೋ ಪ್ರೋಟೀನನ್ನ ಗುರುತು ಹಿಡಿದು ಅದಕ್ಕೆ ಅಂಟ್ಕೊಳ್ಳೋ ಇನ್ನೊಂದು ಪ್ರೋಟೀನು. ಹುಡುಕೋ ಪ್ರೋಟೀನ್ ಬಗ್ಗೆ ಎರಡು ಮಾತು ಹೇಳ್ದೆ ಮುಂದೆ ಹೋಗೋಕಾಗಲ್ಲ. ನಮ್ಮ ಚರ್ಮ, ಕರುಳು, ಬಾಯಿ ಒಳಗಿನ ಪದರ, ಇಲ್ಲೆಲ್ಲ ಜೀವಕೋಶಗಳು ಒಂದಕ್ಕೊಂದು ಕೈ ಹಿಡ್ಕೊಂಡು ನಿಂತಿರ್ತವಲ್ಲ, ಆ ಕೈನೇ ಇ-ಕ್ಯಾಡ್ಹೆರಿನ್. ಜೀನಿನ ಹೆಸರು ಸಿಡಿಎಚ್1, ಇರೋದು 16ನೇ ಕ್ರೋಮೋಸೋಮಲ್ಲಿ. ಜೀವಕೋಶದ ಹೊರಗೆ ಐದು ಮಣಿ ಪೋಣಿಸಿದ ಹಾಗೆ ಐದು ಡೊಮೇನು, ಮಣಿ ಮಧ್ಯೆ ಮಧ್ಯೆ ಕ್ಯಾಲ್ಸಿಯಂ ಕೂತಿದ್ರೆ ಮಾತ್ರ ಆ ಸರ ನೆಟ್ಟಗೆ ನಿಲ್ತದೆ, ಕ್ಯಾಲ್ಸಿಯಂ ತೆಗೆದ್ರೆ ಬಾಡಿದ ವೀಳ್ಯದೆಲೆ ಬಳ್ಳಿ ಥರ ಜೋತು ಬೀಳ್ತದೆ. ಪೊರೆ ದಾಟಿ ಒಳಗೆ ಸುಮಾರು 150 ಅಮೈನೋ ಆಸಿಡ್ಡಿನ ಒಂದು ಗಿಡ್ಡ ಬಾಲ, ಅದನ್ನ ಬೀಟಾ-ಕ್ಯಾಟೆನಿನ್, ಪಿ120 ಅನ್ನೋ ಪ್ರೋಟೀನುಗಳು ಹಿಡ್ಕೊಂಡಿರ್ತವೆ.

ನಮ್ಮ ಕಡೆ ಮನೆ ಲೆಕ್ಕದಲ್ಲಿ ಹೇಳೋದಾದ್ರೆ ಹೊರಗಿನ ಐದು ಡೊಮೇನು ಜಗುಲಿ, ಒಳಗಿನ ಬಾಲ ನಡುಮನೆ. ಜಗುಲಿಲಿ ಕೂತೋರನ್ನ ರಸ್ತೇಲಿ ಹೋಗೋರು ಯಾರು ಬೇಕಾದ್ರೂ ಮಾತಾಡಿಸ್ಬೋದು, ನಡುಮನೇಲಿ ಇರೋರನ್ನ ಮಾತಾಡಿಸ್ಬೇಕು ಅಂದ್ರೆ ಬಾಗ್ಲು ತೆಗೆಸ್ಬೇಕು. ಮೊನೋಕ್ಲೋನಲ್ ಅಂದ್ರೆ ಪ್ರೋಟೀನಿನ ಒಂದೇ ಒಂದು ಜಾಗ ಗುರುತು ಹಿಡಿಯೋ ಆಂಟಿಬಾಡಿ, ಆ ಜಾಗಕ್ಕೆ ಎಪಿಟೋಪ್ ಅಂತಾರೆ, ಅದು ಜಗುಲೀಲಿ ಇದ್ಯಾ ನಡುಮನೇಲಿ ಇದ್ಯಾ ಅನ್ನೋದೇ ನನ್ನ ಪ್ರಕಾರ ಮೊದಲ್ನೇ ಪ್ರಶ್ನೆ. ರೇಟು, ಬ್ರ್ಯಾಂಡು, ಎಷ್ಟು ಪೇಪರಲ್ಲಿ ಸೈಟ್ ಆಗಿದೆ ಅನ್ನೋದೆಲ್ಲ ಆಮೇಲೆ.

ಒಂದೊಂದು ಮೊನೋಕ್ಲೋನಲ್ಲಿಗೂ ಒಂದು ಕ್ಲೋನ್ ಹೆಸರು ಇರ್ತದೆ, ಜಾಸ್ತಿ ಕಣ್ಣಿಗೆ ಬೀಳೋವು ಹೀಗಿವೆ ನೋಡಿ. ಎಚ್‌ಇಸಿಡಿ-1 ಇಲೀದು, ಮನುಷ್ಯರ ಸ್ತನ ಕ್ಯಾನ್ಸರಿನ ಎಂಸಿಎಫ್-7 ಜೀವಕೋಶಗಳನ್ನ ಇಲಿಗೆ ಚುಚ್ಚಿ ಜಪಾನಲ್ಲಿ ಮಾಡಿದ್ದು, ಹಿಡಿಯೋದು ಜಗುಲಿ ಭಾಗ, ಮನುಷ್ಯರ ಸ್ಯಾಂಪಲ್ಲಿಗೆ. ಡೆಕ್ಮಾ-1 ಹೆಗ್ಗಣದ್ದು (ರ‍್ಯಾಟ್ ಅಂದ್ರೆ ಇಲಿನಾ ಹೆಗ್ಗಣನಾ ಅಂತ ಕನ್ನಡದಲ್ಲಿ ಯಾವಾಗ್ಲೂ ಜಗಳ, ನಾನು ಹೆಗ್ಗಣ ಅಂತೀನಿ), ಇದೂ ಜಗುಲೀದೇ, ಇಲಿ ನಾಯಿ ಮನುಷ್ಯ ಮೂರಕ್ಕೂ ಆಗ್ತದೆ. ಇಸಿಸಿಡಿ-2 ಕೂಡ ಹೆಗ್ಗಣದ್ದು, ಇಲಿ ಸ್ಯಾಂಪಲ್ಲಿಗೆ, ಜಗುಲಿ. ಕ್ಲೋನ್ 36 ಇಲೀದು, ನಡುಮನೆ, ಮನುಷ್ಯ ಇಲಿ ಹೆಗ್ಗಣ ನಾಯಿ ಎಲ್ಲಾನೂ ಹಿಡೀತದೆ. 24ಇ10 ಮೊಲದ್ದು, ನಡುಮನೆ, ಮನುಷ್ಯ ಮತ್ತೆ ಇಲಿ. ಜೂನಿಯರ್ ಕಳ್ಸಿದ್ದ ಮೂರು ಕೊಟೇಶನ್ನಲ್ಲಿ ಇದ್ದಿದ್ದು ಎಚ್‌ಇಸಿಡಿ-1, 36, 24ಇ10. ಮೂರೂ ಒಳ್ಳೇವೇ, ಆದ್ರೆ ಮೂರೂ ಒಂದೇ ಅಲ್ಲ.

ಈಗ ನನ್ನ ಕಥೆ. ನಂಗೆ ಆಗ ಫ್ಲೋ ಸೈಟೋಮೆಟ್ರಿ (ಜೀವಕೋಶಗಳನ್ನ ಒಂದೊಂದಾಗಿ ಮಷೀನಲ್ಲಿ ಹಾಯಿಸಿ ಅಂಟಿದ ಬಣ್ಣ ಅಳೆಯೋದು) ಮಾಡ್ಬೇಕಿತ್ತು, ಎಂಸಿಎಫ್-7 ಜೀವಕೋಶದ ಮೇಲೆ ಇ-ಕ್ಯಾಡ್ಹೆರಿನ್ ಎಷ್ಟಿದೆ ಅಂತ ನೋಡೋಕೆ. ಜಗುಲಿ ಆಂಟಿಬಾಡಿನೇ ತರ್ಸಿದ್ದೆ, ಅಲ್ಲೀವರೆಗೆ ಸರಿ. ಮಾಮೂಲಿ ಹಾಗೆ ಟ್ರಿಪ್ಸಿನ್-ಇಡಿಟಿಎ ಹಾಕಿ ಫ್ಲಾಸ್ಕಿಂದ ಜೀವಕೋಶ ಎಬ್ಬಿಸ್ದೆ, ತೊಳೆದೆ, ಆಂಟಿಬಾಡಿ ಹಾಕ್ದೆ, ಮಷೀನಿಗೆ ಹಾಕಿ ನೋಡಿದ್ರೆ ಐಸೋಟೈಪ್ ಕಂಟ್ರೋಲ್ (ಹೋಲಿಸಿ ನೋಡೋಕೆ ಹಾಕೋ, ಇ-ಕ್ಯಾಡ್ಹೆರಿನ್ ಹಿಡಿಯದ ಆಂಟಿಬಾಡಿ) ಗುಡ್ಡ ಮತ್ತೆ ನಂದು ಒಂದ್ರ ಮೇಲೊಂದು ಕೂತಿವೆ, ಕಾಗದ ಇಟ್ಟು ಟ್ರೇಸ್ ಮಾಡಿದ ಹಾಗೆ. ಎಂಸಿಎಫ್-7ರಲ್ಲಿ ಇ-ಕ್ಯಾಡ್ಹೆರಿನ್ ಇಲ್ಲ ಅಂದ್ರೆ ತೀರ್ಥಹಳ್ಳೀಲಿ ಮಳೆ ಇಲ್ಲ ಅಂದಂಗೆ. ಆಂಟಿಬಾಡಿ ಹಾಳಾಗಿದೆ ಅಂತ ಡೀಲರಿಗೆ ಬೈದೆ, ಪಾಪ ಆತ ಇನ್ನೊಂದು ವಯಲ್ ಕಳ್ಸಿದ, ಅದೂ ಹಂಗೇ ಬಂತು.

ಆಗಿದ್ದು ಇಷ್ಟೆ. ಇಡಿಟಿಎ ಕ್ಯಾಲ್ಸಿಯಂ ಕಿತ್ಕೊಳ್ತು, ನೆಟ್ಟಗಿದ್ದ ಸರ ಜೋತು ಬಿತ್ತು, ಜೋತು ಬಿದ್ದಿದ್ದನ್ನ ಟ್ರಿಪ್ಸಿನ್ ಕತ್ತರಿಸಿ ಬಿಸಾಕ್ತು. ಜಗುಲೀನೇ ಇಲ್ದ ಮೇಲೆ ಜಗುಲಿಲಿ ಯಾರನ್ನ ಹುಡ್ಕೋದು! ಮಸಾತೋಶಿ ತಾಕೆಯಿಚಿ 1977ರಲ್ಲೇ ತೋರಿಸಿದ್ದು ಇದು, ಕ್ಯಾಲ್ಸಿಯಂ ಇದ್ದಾಗ ಟ್ರಿಪ್ಸಿನ್ ಹಾಕಿದ್ರೆ ಅಂಟೋ ಗುಣ ಉಳೀತದೆ, ಇಲ್ದೇ ಹಾಕಿದ್ರೆ ಹೋಗ್ತದೆ ಅಂತ, ಕ್ಯಾಡ್ಹೆರಿನ್ ಅನ್ನೋ ಪ್ರೋಟೀನ್ ಸಿಕ್ಕಿದ್ದೇ ಆ ದಾರೀಲಿ. ನಾನು ಅದನ್ನ ಎಂಎಸ್ಸಿ ಪರೀಕ್ಷೆಲಿ ಬರೆದೂ ಬಂದಿದ್ದೆ, ಲ್ಯಾಬಲ್ಲಿ ಮಾತ್ರ ನೆನಪಾಗ್ಲಿಲ್ಲ.

ಇನ್ನೊಂದು ತಮಾಷೆ ಏನಂದ್ರೆ ಆವತ್ತು ನಾನು ನಡುಮನೆ ಆಂಟಿಬಾಡಿ ತರ್ಸಿ ಜೀವಕೋಶಕ್ಕೆ ತೂತು ಹಾಕಿ ಫ್ಲೋ ಮಾಡಿದ್ರೆ ಸಿಗ್ನಲ್ ಚೆನ್ನಾಗೇ ಬರ್ತಿತ್ತು, ನಾನು ಖುಷಿಯಾಗಿ ಪೇಪರ್ ಬರೀತಿದ್ದೆ, ಹೊರಗಿನ ಭಾಗ ಪೂರ್ತಿ ಕತ್ತರಿಸಿ ಹೋಗಿದ್ದು ಗೊತ್ತೇ ಆಗ್ತಿರ್ಲಿಲ್ಲ. ಅದು ಇದಕ್ಕಿಂತ ಅಪಾಯ. ಸಿಗ್ನಲ್ ಬಂದಿಲ್ಲ ಅಂದ್ರೆ ಮನುಷ್ಯ ಹುಡುಕ್ತಾನೆ, ಬಂದ್ರೆ ಯಾರು ಹುಡುಕ್ತಾರೆ ಮಾರಾಯ್ರೆ.

ಹಂಗಾಗಿ ಫ್ಲೋಗೆ ಜಗುಲಿ ಕ್ಲೋನ್, ಜೀವಕೋಶ ಎಬ್ಬಿಸೋಕೆ ಟ್ರಿಪ್ಸಿನ್ ಇಲ್ದ ಬರೀ ಇಡಿಟಿಎ, 2 ಮಿಲಿಮೋಲಾರ್ ಸಾಕು, 37 ಡಿಗ್ರೀಲಿ ಹತ್ತು ನಿಮಿಷ ಇಟ್ಟು ಪಿಪೆಟಲ್ಲಿ ಮೆಲ್ಲಗೆ ಬಿಡಿಸ್ಕೊಳ್ಳಿ. ಆಮೇಲೆ ಎಲ್ಲಾ ಐಸ್ ಮೇಲೆ. ಕೆಲವು ಕ್ಲೋನಿಗೆ ಕ್ಯಾಲ್ಸಿಯಂ ಇದ್ರೇನೇ ಎಪಿಟೋಪ್ ಸರಿ ಆಕಾರದಲ್ಲಿ ಇರೋದು, ಅಂಥದ್ದಾದ್ರೆ ಬಫರಿಗೆ ಕ್ಯಾಲ್ಸಿಯಂ ವಾಪಸ್ ಹಾಕ್ಬೇಕು, ಹಾಕಿದ ಕೂಡ್ಲೇ ಜೀವಕೋಶಗಳು ಮತ್ತೆ ತಬ್ಕೊಳ್ಳೋಕೆ ಶುರು ಮಾಡ್ತವೆ, ಐಸಲ್ಲಿ ಇದ್ರೆ ಅದು ನಿಧಾನ ಆಗ್ತದೆ. ಡೇಟಾಶೀಟಲ್ಲಿ ಈ ಒಂದು ಸಾಲು ಇದ್ಯಾ ಅಂತ ಹುಡುಕಿ ಆಮೇಲೆ ಆರ್ಡರ್ ಮಾಡಿ.

ಜಗುಲಿ ಕ್ಲೋನುಗಳ ಬಗ್ಗೆ ಇನ್ನೊಂದು ಎಚ್ಚರ: ಎಚ್‌ಇಸಿಡಿ-1, ಡೆಕ್ಮಾ-1 ಇವೆರಡೂ ಹಿಡಿಯೋ ಜೊತೆಗೆ ಅಂಟೋದನ್ನ ತಡೀತವೆ ಕೂಡ. ಫಿಕ್ಸ್ ಮಾಡಿದ (ಫಾರ್ಮಲಿನ್ ಥರದ್ದು ಹಾಕಿ ಇದ್ದಂಗೇ ನಿಲ್ಲಿಸಿದ) ಜೀವಕೋಶಕ್ಕೆ ಅದ್ರಿಂದ ಏನೂ ಆಗಲ್ಲ. ಜೀವಂತ ಜೀವಕೋಶಕ್ಕೆ ಹಾಕಿ ವಿಡಿಯೋ ಮಾಡ್ತೀನಿ ಅಂತ ಹೊರಟ್ರೆ ಮಾತ್ರ, ಜಗಳ ನೋಡೋಕೆ ಹೋದೋನೇ ಜಗಳ ಹಚ್ಚಿದ ಹಾಗೆ ಆಗ್ತದೆ.

ವೆಸ್ಟರ್ನ್ ಬ್ಲಾಟಿಗೆ (ಪ್ರೋಟೀನುಗಳನ್ನ ಜೆಲ್ಲಲ್ಲಿ ಗಾತ್ರದ ಪ್ರಕಾರ ಬೇರೆ ಮಾಡಿ ಆಂಟಿಬಾಡಿಯಿಂದ ಹುಡುಕೋದು) ಬಂದ್ರೆ ಲೆಕ್ಕ ತಿರುವುಮುರುವು. ಇಲ್ಲಿ ಬಾಗ್ಲೂ ಇಲ್ಲ ಗೋಡೇನೂ ಇಲ್ಲ, ಎಲ್ಲಾ ಎಸ್‌ಡಿಎಸ್ಸಲ್ಲಿ (ಒಂಥರ ಸೋಪು) ಕುದ್ದು ಬಿಡಿಬಿಡಿ ಆಗಿರ್ತದೆ, ನಡುಮನೆ ಆಂಟಿಬಾಡಿಗಳು ಇಲ್ಲಿ ಗಟ್ಟಿ. 36 ಆಗ್ಲಿ 24ಇ10 ಆಗ್ಲಿ, 8% ಜೆಲ್ಲಲ್ಲಿ 120 ಕಿಲೋಡಾಲ್ಟನ್ ಹತ್ರ ದಪ್ಪಗೆ ಒಂದು ಬ್ಯಾಂಡ್, ಕೆಲವೊಮ್ಮೆ ಅದ್ರ ಮೇಲೆ 135ರ ಹತ್ರ ತೆಳ್ಳಗೆ ಇನ್ನೊಂದು, ಅದು ಇನ್ನೂ ತಯಾರಾಗದ ಪ್ರೋಟೀನು, ಹೆದರ್ಬೇಡಿ. ಆದ್ರೆ ನಿಮ್ಮ ಪ್ರಶ್ನೆನೇ ಹೊರಭಾಗ ಕತ್ತರಿಸಿ ಹೋಗೋದ್ರ ಬಗ್ಗೆ ಇದ್ರೆ ಯೋಚ್ನೆ ಮಾಡ್ಬೇಕು. ಕ್ಯಾನ್ಸರ್ ಜೀವಕೋಶಗಳು ಎಷ್ಟೋ ಸಲ ಇ-ಕ್ಯಾಡ್ಹೆರಿನ್ ಹೊರಭಾಗನ ಕಳಚಿ ಮೀಡಿಯಮ್ಮಿಗೆ ಬಿಡ್ತವೆ, ಆ ತುಂಡು ಸುಮಾರು 80 ಕಿಲೋಡಾಲ್ಟನ್, ಅದು ಕಾಣೋದು ಜಗುಲಿ ಆಂಟಿಬಾಡಿಗೆ ಮಾತ್ರ. ಒಳಗೆ ಉಳಿಯೋ 38ರ ತುಂಡು ಕಾಣೋದು ನಡುಮನೆ ಆಂಟಿಬಾಡಿಗೆ ಮಾತ್ರ. ಒಂದು ವಯಲಲ್ಲಿ ಎರಡೂ ಬೇಕು ಅಂದ್ರೆ ಆಗೋದಿಲ್ಲ, ಈ ಕೆಲಸಕ್ಕೆ ಎರಡು ವಯಲ್ ತಗೊಳ್ಳಲೇಬೇಕು, ಗೈಡ್ ಹತ್ರ ಈಗ್ಲೇ ಹೇಳಿಡಿ.

ನಡುಮನೆ ಆಂಟಿಬಾಡಿಗೊಂದು ಕುಂದು ಇದೆ. ಕ್ಯಾಡ್ಹೆರಿನ್ ಮನೆತನದೋರದ್ದು, ಅಂದ್ರೆ ಇ, ಎನ್, ಪಿ ಇವ್ರದ್ದೆಲ್ಲ ಬಾಲ ಹೆಚ್ಚುಕಮ್ಮಿ ಒಂದೇ ಥರ, ಅಣ್ಣತಮ್ಮಂದಿರ ಮೂಗಿನ ಹಾಗೆ. ಎನ್-ಕ್ಯಾಡ್ಹೆರಿನ್ ಮಾತ್ರ ಇರೋ ಜೀವಕೋಶದ ಲೈಸೇಟ್ (ಜೀವಕೋಶ ಒಡೆದು ತೆಗೆದ ರಸ) ಜೆಲ್ಲಿನ ಒಂದು ಲೇನಲ್ಲಿ ಓಡ್ಸಿ ಬ್ಯಾಂಡ್ ಬರಲ್ಲ ಅಂತ ನೋಡ್ಕೊಂಡ್ರೆ ರಾತ್ರಿ ನಿದ್ದೆ ಬರ್ತದೆ.

ಈಗ ಜೂನಿಯರಿನ ನಿಜವಾದ ಕೆಲಸ, ಬಾಯಿ ಕ್ಯಾನ್ಸರಿನ ಪ್ಯಾರಾಫಿನ್ ಬ್ಲಾಕು, ಅಂದ್ರೆ ಫಾರ್ಮಲಿನಲ್ಲಿ ಇಟ್ಟು ಮೇಣದಲ್ಲಿ ಹುದುಗಿಸಿದ ಅಂಗಾಂಶ. ಮಲೆನಾಡಲ್ಲಿ ಇದನ್ನ ಬಿಟ್ಟು ಬೇರೆ ಏನು ಸಿಗ್ತದೆ ಹೇಳಿ. ಡಬ್ಲ್ಯುಎಚ್‌ಒದ ಕ್ಯಾನ್ಸರ್ ಸಂಸ್ಥೆ ಐಎಆರ್‌ಸಿ ಅಡಿಕೆನ ಒಂದನೇ ಗುಂಪಿನ ಕ್ಯಾನ್ಸರ್‌ಕಾರಕ ಅಂತ 2004ರ ಸಂಪುಟದಲ್ಲೇ ಹಾಕಿದೆ, ನಮ್ಮನೇಲೂ ಎರಡೆಕ್ರೆ ಅಡಿಕೆ ತೋಟ ಇದೆ, ನನ್ನ ಫೀಸ್ ಕಟ್ಟಿದ್ದೂ ಅದೇ, ಅದಕ್ಕೆ ಊರಲ್ಲಿ ನಾನು ಏನು ಓದ್ತಿದ್ದೀನಿ ಅಂತ ಕೇಳಿದ್ರೆ "ಬಯೋಟೆಕ್ನಾಲಜಿ" ಅಂತಷ್ಟೇ ಹೇಳಿ ಸುಮ್ಮನಾಗ್ತೀನಿ. ಇರ್ಲಿ. ಆರೋಗ್ಯವಾಗಿರೋ ಬಾಯಿಯ ಪದರಕ್ಕೆ ಇ-ಕ್ಯಾಡ್ಹೆರಿನ್ ಬಣ್ಣ ಹಾಕಿದ್ರೆ ತುಡುವೆ ಜೇನಿನ ಎರಿ ನೋಡ್ದಂಗೆ ಇರ್ತದೆ, ಪ್ರತಿ ಜೀವಕೋಶದ ಸುತ್ತ ಕಂದು ಗೆರೆ, ಮಧ್ಯ ಖಾಲಿ. ಕ್ಯಾನ್ಸರ್ ಒಳಗಿಳಿಯೋ ಅಂಚಿಗೆ ಬಂದಂಗೆ ಆ ಗೆರೆ ತೆಳ್ಳಗಾಗಿ, ತುಂಡಾಗಿ, ಕೆಲವು ಕಡೆ ಬಣ್ಣ ಗೆರೆ ಬಿಟ್ಟು ಜೀವಕೋಶದ ಒಳಗೆ ಹರಡಿರ್ತದೆ. ಮೊದಲ್ನೇ ಸಲ ಒಳ್ಳೇ ಸ್ಲೈಡ್ ಬಂದಾಗ ನಾನು ಅರ್ಧ ಗಂಟೆ ಮೈಕ್ರೋಸ್ಕೋಪಿಂದ ಕಣ್ಣು ತೆಗೀಲಿಲ್ಲ, ಎಡಗಡೆ ಎರಿ, ಬಲಗಡೆ ಚದುರಿದ ಹುಳ.

ಇದಕ್ಕೆ ನನ್ನ ಓಟು ಮೊಲದ 24ಇ10ಗೆ. ಇಲಿಯ 36, ಎಚ್‌ಇಸಿಡಿ-1 ಕೂಡ ಫಾರ್ಮಲಿನ್ ಬ್ಲಾಕಲ್ಲಿ ಕೆಲಸ ಮಾಡ್ತವೆ, ಆದ್ರೆ ಮುಂದೆ ಅವ್ಳು ಇಲಿ ಮಾಡೆಲ್ ಮಾಡ್ಬೇಕು ಅಂತಿದ್ದಾಳೆ, ಎಚ್‌ಇಸಿಡಿ-1 ಇಲಿದನ್ನ ಗುರುತೇ ಹಿಡಿಯಲ್ಲ, ಇನ್ನು ಇಲಿ ಅಂಗಾಂಶದ ಮೇಲೆ ಇಲಿಯದ್ದೇ ಆಂಟಿಬಾಡಿ ಹಾಕಿದ್ರೆ ಸೆಕೆಂಡರಿ (ಮೊದಲ್ನೇ ಆಂಟಿಬಾಡಿನ ಹಿಡಿದು ಬಣ್ಣ ತರಿಸೋ ಎರಡನೇ ಆಂಟಿಬಾಡಿ) ಹೋಗಿ ಅಂಗಾಂಶದಲ್ಲಿ ಮೊದ್ಲೇ ಇರೋ ಇಲಿ ಇಮ್ಯುನೋಗ್ಲೋಬ್ಯುಲಿನನ್ನೂ ಹಿಡಿದು ಇಡೀ ಸ್ಲೈಡ್ ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗೆ ಆಗ್ತದೆ. ಮೊಲದ್ದಾದ್ರೆ ಆ ರಗಳೆ ಇಲ್ಲ. ಇಲಿಗೆ ಅಂತಲೇ ತಗೊಳ್ಳೋದಾದ್ರೆ ಇಸಿಸಿಡಿ-2 ಅಥ್ವಾ ಡೆಕ್ಮಾ-1.

ಸ್ತನದ ಬಯಾಪ್ಸಿ ನೋಡೋರಿಗೆ ಸ್ವಲ್ಪ ಬೇರೆ ಮಾತು. ಅಲ್ಲಿ ಕ್ಯಾನ್ಸರು ಡಕ್ಟಲ್ ಬಗೆಯದ್ದಾ ಲೋಬ್ಯುಲರ್ ಬಗೆಯದ್ದಾ ಅಂತ ಬೇರೆ ಮಾಡೋಕೆ ಇ-ಕ್ಯಾಡ್ಹೆರಿನ್ ನೋಡೋದು, ಲೋಬ್ಯುಲರಲ್ಲಿ ಅದು ಹೋಗಿರ್ತದೆ. ಆದ್ರೆ ಲೋಬ್ಯುಲರ್‌ಗಳಲ್ಲೂ ಸುಮಾರು 10-15% ಕೇಸಲ್ಲಿ ಅಷ್ಟೋ ಇಷ್ಟೋ ಬಣ್ಣ ಬರ್ತದೆ. ಜೀನಲ್ಲಿ ಮ್ಯುಟೇಶನ್ ಆಗಿ ಬಾಲ ಕತ್ತರಿಸಿದ ಪ್ರೋಟೀನ್ ಉಳಿದಿದ್ರೆ ಜಗುಲಿ ಆಂಟಿಬಾಡಿ "ಇದೆ" ಅಂತದೆ, ನಡುಮನೆ ಆಂಟಿಬಾಡಿ "ಇಲ್ಲ" ಅಂತದೆ, ಕೆಲಸ ಮಾಡ್ತಿದ್ಯಾ ಅನ್ನೋ ಪ್ರಶ್ನೆಗೆ ಎರಡನೇದೇ ಹತ್ರದ ಉತ್ತರ. ಅನುಮಾನ ಇದ್ರೆ ಪಿ120 ಕೂಡ ಹಾಕಿ, ಲೋಬ್ಯುಲರಾದ್ರೆ ಅದು ಪೊರೆ ಬಿಟ್ಟು ಜೀವಕೋಶದ ಒಳಗೆಲ್ಲ ತುಂಬ್ಕೊಂಡಿರ್ತದೆ. ರಿಪೋರ್ಟ್ ಕೊಡೋ ಕೆಲಸ ಪೆಥಾಲಜಿಸ್ಟರದ್ದು, ನಮ್ಮಂಥ ಬೆಂಚಿನೋರು ಅಲ್ಲಿ ಬಾಯಿ ಹಾಕ್ಬಾರ್ದು.

ಸ್ಲೈಡ್ ವಿಷ್ಯದಲ್ಲಿ ನಮ್ಮ ಹವೆ ಒಂದು ದೊಡ್ಡ ಪಾತ್ರ. ಇಡಿಟಿಎ ಪಿಎಚ್ 9 ಬಫರಲ್ಲಿ ಪ್ರೆಶರ್ ಕುಕ್ಕರ್ ರಿಟ್ರೀವಲ್ (ಫಾರ್ಮಲಿನಿಂದ ಮುಚ್ಚಿಹೋದ ಎಪಿಟೋಪ್ ಬಿಸಿಯಿಂದ ತೆರೆಯೋದು) ಮಾಡ್ದಾಗ ಬಣ್ಣ ಚೆನ್ನಾಗಿ ಬರ್ತದೆ, ಸಿಟ್ರೇಟ್ ಪಿಎಚ್ 6ಕ್ಕಿಂತ ನಂಗೆ ಅದೇ ಇಷ್ಟ, ಆದ್ರೆ ಪಿಎಚ್ 9 ಅಂಗಾಂಶನ ಸ್ಲೈಡಿಂದ ಎಬ್ಬಿಸೋದ್ರಲ್ಲಿ ನಿಸ್ಸೀಮ. ಜುಲೈ ತಿಂಗಳ ಮಳೆಗೆ ಗೋಡೆನೇ ಬೆವರ್ತಿರ್ತದೆ, ರಾತ್ರಿ ಹೊರಗೆ ಒಣಗಿಸಿದ ಸೆಕ್ಷನ್ ಒಣಗಿರೋದೇ ಇಲ್ಲ, ಬೆಳಿಗ್ಗೆ ಕುಕ್ಕರ್ ಮುಚ್ಚಳ ತೆಗೆದ್ರೆ ಸೆಕ್ಷನ್ನು ಬಫರ್ ಮೇಲೆ ಹಾಲಿನ ಕೆನೆ ಥರ ತೇಲ್ತಿದೆ. ಚಾರ್ಜ್ಡ್ ಸ್ಲೈಡ್ ತಗೊಳ್ಳಿ, 60 ಡಿಗ್ರಿ ಓವನಲ್ಲಿ ಒಂದು ಗಂಟೆಯಾದ್ರೂ ಇಡಿ. ಬ್ಲಾಕ್ ಫಾರ್ಮಲಿನಲ್ಲಿ ಎಷ್ಟು ಹೊತ್ತು ಇತ್ತು ಅಂತಾನೂ ಕೇಳಿ, ಸ್ತನದ ಬಯಾಪ್ಸಿಗೆ 6ರಿಂದ 72 ಗಂಟೆ ಅಂತ ಹೇಳ್ತಾರೆ, ಅದನ್ನೇ ಬಾಯಿದಕ್ಕೂ ಇಟ್ಕೊಂಡ್ರೆ ನಷ್ಟ ಇಲ್ಲ.

ಕವರ್‌ಸ್ಲಿಪ್ ಮೇಲೆ ಫ್ಲೋರೆಸೆನ್ಸ್ ಮಾಡೋರಿಗೆ ಒಂದೇ ಮಾತು, ಫಿಕ್ಸ್ ಮಾಡೋಕ್ ಮುಂಚೆ ತೊಳೆಯೋ ಉಪ್ಪುನೀರಿನ ಬಫರ್ ಪಿಬಿಎಸ್ಸಲ್ಲಿ ಕ್ಯಾಲ್ಸಿಯಂ ಮೆಗ್ನೀಸಿಯಂ ಇರ್ಲಿ. ಇಲ್ದಿದ್ರೆ ಫೋನ್ ಬಂತು ಅಂತ ಐದು ನಿಮಿಷ ಹೊರಗೆ ಹೋಗಿ ಬರೋದ್ರೊಳಗೆ ಜೀವಕೋಶಗಳು ಕೈ ಬಿಟ್ಟು ದುಂಡಗಾಗಿರ್ತವೆ, ಆ ಚಿತ್ರ ನೋಡಿ "ನನ್ನ ಡ್ರಗ್ ಕೆಲಸ ಮಾಡ್ತು" ಅಂದೋರನ್ನ ನಾನು ನೋಡಿದ್ದೀನಿ.

ಹೈಬ್ರಿಡೋಮಾದ್ದಾ ರಿಕಾಂಬಿನೆಂಟಾ ಅಂತ ಇನ್ನೊಂದು ಆಯ್ಕೆ ಬರ್ತದೆ. ಹೈಬ್ರಿಡೋಮಾ ಅಂದ್ರೆ 1975ರಲ್ಲಿ ಕೋಲರ್ ಮತ್ತೆ ಮಿಲ್‌ಸ್ಟೈನ್ ಕಂಡುಹಿಡಿದ ಹಳೇ ದಾರಿ, ಆಂಟಿಬಾಡಿ ಮಾಡೋ ಗುಲ್ಮದ ಬಿ ಜೀವಕೋಶಕ್ಕೆ ಮೈಲೋಮಾ ಅನ್ನೋ ಕ್ಯಾನ್ಸರ್ ಜೀವಕೋಶ ಕಸಿ ಕಟ್ಟಿದ ಹಾಗೆ, 1984ರಲ್ಲಿ ನೊಬೆಲ್ಲೂ ಬಂತು. ಕಸಿ ಗಿಡ ಅಂದ್ಮೇಲೆ ಕೆಳಗಿಂದ ಬೇರೆ ಚಿಗುರು ಬರೋದೂ ಇದ್ದದ್ದೇ. 2018ರಲ್ಲಿ 185 ಹೈಬ್ರಿಡೋಮಾ ಹಿಡಿದು ನೋಡಿದಾಗ ಸುಮಾರು ಮೂರ್ರಲ್ಲಿ ಒಂದು ಪಾಲಿನವು ತಮ್ಮ ಆಂಟಿಬಾಡಿ ಜೊತೆಗೆ ಬೇರೆ ಆಂಟಿಬಾಡಿ ಸರಪಳಿನೂ ಮಾಡ್ತಿದ್ವು. ರಿಕಾಂಬಿನೆಂಟ್ ಆದ್ರೆ ಜೀನಿನ ಸೀಕ್ವೆನ್ಸೇ ಕೈಲಿರ್ತದೆ, ಹತ್ತು ವರ್ಷ ಬಿಟ್ಟು ತರ್ಸಿದ್ರೂ ಅದೇ ಬರ್ತದೆ. ಪಿಎಚ್‌ಡಿ ಐದಾರು ವರ್ಷ ಎಳೆಯೋ ನಮ್ಮ ಕಡೆಗೆ ಅದೇ ಸರಿ, ರೇಟಲ್ಲಿ ಅಂಥಾ ವ್ಯತ್ಯಾಸ ಇಲ್ದಿದ್ರೆ ಕಣ್ಮುಚ್ಚಿ ತಗೊಳ್ಳಿ. ಪಾಲಿಕ್ಲೋನಲ್ (ಬೇರೆ ಬೇರೆ ಜಾಗ ಹಿಡಿಯೋ ಆಂಟಿಬಾಡಿಗಳ ಮಿಶ್ರಣ) ಈ ಪ್ರೋಟೀನಿಗೆ ನಾನು ಹೇಳಲ್ಲ, ಇಷ್ಟು ಒಳ್ಳೇ ಮೊನೋಕ್ಲೋನಲ್ ಇರೋವಾಗ ಅದು ಬೇಡ.

ನಾಯಿ ಕಿಡ್ನಿಯ ಎಂಡಿಸಿಕೆ ಜೀವಕೋಶ ಇಟ್ಕೊಂಡೋರಿಗೆ ಅಮೆರಿಕದ ಅಯೋವಾ ಯೂನಿವರ್ಸಿಟಿಯ ಹೈಬ್ರಿಡೋಮಾ ಬ್ಯಾಂಕಲ್ಲಿ ಆರ್‌ಆರ್1 ಅನ್ನೋ ಕ್ಲೋನ್ ಕಮ್ಮಿಗೆ ಸಿಗ್ತದೆ, ಹಣ್ಣಿನ ನೊಣ ಇಟ್ಕೊಂಡೋರಿಗೆ ಡಿಕ್ಯಾಡ್2. ಸಾಗಣೆ ಖರ್ಚು ಸೇರ್ಸಿ ಲೆಕ್ಕ ಹಾಕಿ.

ರೇಟಿನ ಲೆಕ್ಕ ವಯಲ್ಲಿಗಲ್ಲ, ಸ್ಲೈಡಿಗೆ ಹಾಕ್ಬೇಕು. 100 ಮೈಕ್ರೋಲೀಟರ್ ಕಾನ್ಸಂಟ್ರೇಟ್ 400 ಪಟ್ಟು ತೆಳು ಮಾಡಿ ಒಂದು ಸ್ಲೈಡಿಗೆ 100 ಮೈಕ್ರೋಲೀಟರ್ ಹಾಕಿದ್ರೆ 400 ಸ್ಲೈಡ್ ಆಗ್ತದೆ. ರೆಡಿ ಟು ಯೂಸ್ 7 ಎಂಎಲ್ ಬಾಟ್ಲಿ ಅಂದ್ರೆ ಅದೇ ಲೆಕ್ಕದಲ್ಲಿ 70 ಸ್ಲೈಡು. ಬಾಟ್ಲಿ ದೊಡ್ಡದು ಅಂತ ಮೋಸ ಹೋಗ್ಬೇಡಿ, ಆದ್ರೆ ದಿನಾ ಹತ್ತು ಕೇಸ್ ಮಾಡೋ ಲ್ಯಾಬಿಗೆ ಟೈಟ್ರೇಶನ್ (ಎಷ್ಟು ತೆಳು ಮಾಡ್ಬೇಕು ಅಂತ ಹುಡುಕೋ) ತಲೆನೋವು ಇಲ್ದಿರೋದೇ ಲಾಭ. ಬ್ಲಾಟಿಗೆ 1000 ಪಟ್ಟು, ಹತ್ತು ಎಂಎಲ್ ಟ್ರೇಲಿ ಸುರಿದ್ರೆ ಒಂದು ವಯಲ್ ಹತ್ತೇ ಬ್ಲಾಟಿಗೆ ಖಾಲಿ, ಪ್ಲಾಸ್ಟಿಕ್ ಕವರಲ್ಲಿ ಸೀಲ್ ಮಾಡಿ ಎರಡೇ ಎಂಎಲ್ಲಲ್ಲಿ ಮಾಡಿದ್ರೆ ಐವತ್ತು. 0.02% ಸೋಡಿಯಂ ಅಜೈಡ್ ಹಾಕಿ ಇಟ್ರೆ ಮತ್ತೆ ಎರಡು ಮೂರು ಸಲ ಬಳಸ್ಬೋದು, ಎಚ್‌ಆರ್‌ಪಿ ಅನ್ನೋ ಎಂಜೈಮ್ ಅಂಟಿಸಿದ ಸೆಕೆಂಡರಿಗೆ ಮಾತ್ರ ಅಜೈಡ್ ತಾಗಿಸ್ಬೇಡಿ, ಅದು ಎಂಜೈಮ್ ಕೊಲ್ತದೆ.

ಬಣ್ಣ ಅಂಟಿಸಿದ್ದು ತಗೊಳ್ಳೋದಾ ಖಾಲಿ ತಗೊಳ್ಳೋದಾ ಅಂದ್ರೆ ನಮ್ಮ ಕರೆಂಟ್ ನೋಡಿ ಹೇಳಿ. ಮಳೆಗಾಲದಲ್ಲಿ ಒಂದು ಮರ ಲೈನ್ ಮೇಲೆ ಬಿತ್ತು ಅಂದ್ರೆ ಎರಡು ದಿನ ಕತ್ಲೆ. ಅರ್ಧಕ್ಕರ್ಧ ಗ್ಲಿಸರಾಲ್ ಇರೋ ಖಾಲಿ ಆಂಟಿಬಾಡಿ ಮೈನಸ್ 20ರಲ್ಲಿ ಹೆಪ್ಪೇ ಗಟ್ಟಲ್ಲ, ಹಂಗಾಗಿ ಕರಗಿ ಹೆಪ್ಪುಗಟ್ಟೋ ಪ್ರಶ್ನೆನೂ ಇಲ್ಲ, ಒಂದೆರಡು ದಿನ ತಡ್ಕೊಳ್ತದೆ. ಪಿಇ ಅನ್ನೋ ಹೊಳೆಯೋ ಬಣ್ಣದ ಥರದ್ದು ಅಂಟಿಸಿದ್ದು ಫ್ರೀಜರಲ್ಲಿ ಇಡೋ ಹಾಗೇ ಇಲ್ಲ, 4 ಡಿಗ್ರೀಲಿ ಕತ್ಲಲ್ಲಿ ಇರ್ಬೇಕು. ಫ್ಲೋ ಮಷೀನ್ ಬೇರೆ ಊರಲ್ಲಿದ್ದು ತಿಂಗಳಿಗೊಂದು ಸಲ ಹೋಗೋರು ಖಾಲಿದೇ ತಗೊಳ್ಳಿ.

ಏನೇ ತಗೊಂಡ್ರೂ ಎಂಸಿಎಫ್-7 ಒಂದು ಲೇನು, ಎಂಡಿಎ-ಎಂಬಿ-231 (ಅದೂ ಸ್ತನ ಕ್ಯಾನ್ಸರಿನ ಜೀವಕೋಶ) ಒಂದು ಲೇನು. ಮೊದಲ್ನೇದ್ರಲ್ಲಿ ಇರ್ತದೆ, ಎರಡನೇದ್ರಲ್ಲಿ ಇ-ಕ್ಯಾಡ್ಹೆರಿನ್ ಜೀನ್ ಮೆಥಿಲೇಶನ್ನಿಂದ (ಡಿಎನ್ಎಗೆ ಅಂಟೋ ರಾಸಾಯನಿಕ ಗುರುತು) ಮಲಗಿರ್ತದೆ. ಎರಡರಲ್ಲೂ ಬ್ಯಾಂಡ್ ಬಂದ್ರೆ ಕಂಪ್ನಿ ಹೆಸರು ಎಷ್ಟೇ ದೊಡ್ಡದಿದ್ರೂ ವಾಪಸ್ ಕೇಳಿ. ಅಂಗಾಂಶದಲ್ಲಿ ಪಕ್ಕದ ಆರೋಗ್ಯವಾಗಿರೋ ಪದರನೇ ನಿಮ್ಮ ಕಂಟ್ರೋಲು, ಅಲ್ಲಿ ಎರಿ ಕಾಣದಿದ್ರೆ ಕ್ಯಾನ್ಸರಲ್ಲಿ ಕಾಣ್ಲಿಲ್ಲ ಅನ್ನೋ ಮಾತಿಗೆ ಬೆಲೆ ಇಲ್ಲ. ಕ್ಲೋನ್ ಹೆಸರು, ಕ್ಯಾಟಲಾಗ್ ನಂಬರ್, ಲಾಟ್ ನಂಬರ್ ಮೂರೂ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ, ವಯಲ್ ಮೇಲಿನ ಅಕ್ಷರ ನಮ್ಮ ಥಂಡಿಗೆ ಆರು ತಿಂಗಳಲ್ಲಿ ಅಳಿಸ್ತದೆ.

ಜೂನಿಯರಿಗೆ ಕೊನೆಗೆ ಹೇಳಿದ್ದು 24ಇ10 ಒಂದು ವಯಲ್ ಕಾನ್ಸಂಟ್ರೇಟ್, ಬ್ಲಾಟಿಗೂ ಸ್ಲೈಡಿಗೂ ಅದೇ ಸಾಕು, ಮೀಡಿಯಮ್ಮಲ್ಲಿ 80ರ ತುಂಡು ನೋಡೋ ಆಸೆ ಬಂದಾಗ ಎಚ್‌ಇಸಿಡಿ-1. ಅವ್ಳು "ಸರಿ ಅಕ್ಕಾ, ಇವತ್ತೇ ಆರ್ಡರ್ ಹಾಕ್ತೀನಿ" ಅಂದ್ಲು. ಇವತ್ತು ಗುರುವಾರ ಅಲ್ವಾ ಮಾರಾಯ್ತಿ, ಬೆಂಗಳೂರಿಂದ ಶುಕ್ರವಾರ ರಾತ್ರಿ ಬಸ್ಸಿಗೆ ಹಾಕ್ತಾರೆ, ಶನಿವಾರ ಇಲ್ಲಿ ಇಳೀತದೆ, ನಿಮ್ಮ ಆಫೀಸಿಗೆ ಎರಡನೇ ಶನಿವಾರ ರಜೆ, ಆಮೇಲೆ ಭಾನುವಾರ, ಸೋಮವಾರ ಬೆಳಿಗ್ಗೆ ಡಬ್ಬಿ ತೆಗೆದ್ರೆ ಐಸ್ ಪ್ಯಾಕ್ ಬಿಸಿನೀರಿನ ಚೀಲ ಆಗಿರ್ತದೆ. ಸೋಮವಾರ ಹಾಕು, ಮಂಗಳವಾರ ಕಳ್ಸಿ ಅಂತ ಆರ್ಡರ್ ಕಾಗದದಲ್ಲೇ ಬರಿ, ಬಸ್ ನಂಬರ್ ಇಸ್ಕೊಂಡು ನೀನೇ ಸ್ಟ್ಯಾಂಡಿಗೆ ಹೋಗಿ ತಗೊಂಡ್ ಬಾ.